ಕಲಬುರಗಿಯ ಬಿಸಿಲಿಗೂ ಶ್ರುತಿ ತಪ್ಪದ ಆಸಿಲೇಟರ್ ಕಟ್ಟಬಹುದು

ಮಾನ್ಯ ಸಂಪಾದಕರೇ,

ಕಲಬುರಗಿ, ಯಾದಗಿರಿ ಭಾಗದಲ್ಲಿ ಬಿಸಿಲು 42 ಡಿಗ್ರಿ ದಾಟುವ ಏಪ್ರಿಲ್–ಮೇ ತಿಂಗಳುಗಳಲ್ಲೇ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಅಂತಿಮ ವರ್ಷದ ಪ್ರಾಜೆಕ್ಟ್‌ಗಳೂ ಮೇಜಿನ ಮೇಲೆ ಬರುತ್ತವೆ. ಬೀದರ್ ಎತ್ತರದಲ್ಲಿರುವುದರಿಂದ ತುಸು ತಂಪು, ಅಷ್ಟೆ. ಎಲೆಕ್ಟ್ರಾನಿಕ್ಸ್ ವಿಭಾಗದಲ್ಲಿ ಮತ್ತೆ ಮತ್ತೆ ಆಯ್ಕೆಯಾಗುವ ವಿಷಯಗಳಲ್ಲಿ ಒಂದು, ಬಯಾಸ್ ಕರೆಂಟ್ (ಚಿಪ್ಪಿಗೆ ಹೊರಗಿನಿಂದ ಕೊಡುವ ನಿಯಂತ್ರಣ ಕರೆಂಟ್) ಬದಲಿಸಿ ಫ್ರೀಕ್ವೆನ್ಸಿ ಬದಲಿಸುವ ಸೈನ್ ಅಲೆ ಆಸಿಲೇಟರ್, ಅಂದರೆ ನಯವಾದ ಏರಿಳಿತದ ಅಲೆಯನ್ನು ತಾನಾಗಿ ಹುಟ್ಟಿಸುವ ಸರ್ಕ್ಯೂಟ್. ವರದಿಯಲ್ಲಿ ಅಲೆ ಅಚ್ಚುಕಟ್ಟಾಗಿರುತ್ತದೆ. ಮೇಜಿನ ಮೇಲೆ ಮಾತ್ರ ಒಂದೋ ಅಲೆ ಏಳುವುದೇ ಇಲ್ಲ, ಇಲ್ಲವೇ ಎದ್ದ ಅಲೆಯ ತಲೆ ಚಪ್ಪಟೆಯಾಗಿರುತ್ತದೆ, ಅದೂ ಅಲ್ಲದಿದ್ದರೆ ಬೆಳಿಗ್ಗೆ ಹೊಂದಿಸಿದ ಫ್ರೀಕ್ವೆನ್ಸಿ ಮಧ್ಯಾಹ್ನ ಉಳಿದಿರುವುದಿಲ್ಲ. ಸರ್ಕ್ಯೂಟ್ ತಪ್ಪಿದೆ ಎಂದು ವಿದ್ಯಾರ್ಥಿಗಳು ಎದೆಗುಂದುತ್ತಾರೆ. ಬಹುಪಾಲು ಸರ್ಕ್ಯೂಟ್ ಸರಿಯೇ ಇರುತ್ತದೆ. ಅದನ್ನು ಲೆಕ್ಕ ಹಾಕಿದ್ದು ಕಂಪ್ಯೂಟರಿನಲ್ಲೇ ಸರ್ಕ್ಯೂಟ್ ನಡೆಸಿ ನೋಡುವ ಸಿಮ್ಯುಲೇಟರಿನ 27 ಡಿಗ್ರಿಗೆ, ನಡೆಸುತ್ತಿರುವುದು ಕಲಬುರಗಿಯ ಬೇಸಿಗೆಯಲ್ಲಿ. ಇದನ್ನು ಸರಿಪಡಿಸಲು ದುಬಾರಿ ಉಪಕರಣವೇನೂ ಬೇಡ. ವಿದ್ಯಾರ್ಥಿಗಳಿಗೂ ಮಾರ್ಗದರ್ಶಕರಿಗೂ ನೆರವಾಗಲೆಂದು ವಿವರವಾಗಿಯೇ ಬರೆಯುತ್ತಿದ್ದೇವೆ.

ಈ ಕೆಲಸಕ್ಕೆ ಸುಲಭವಾಗಿ ಸಿಗುವ ಚಿಪ್ ಎಲ್‌ಎಂ13700. ಹದಿನಾರು ಪಿನ್ನಿನ ಇದರಲ್ಲಿ ಎರಡು ಟ್ರಾನ್ಸ್‌ಕಂಡಕ್ಟೆನ್ಸ್ ಆಂಪ್ಲಿಫೈಯರ್‌ಗಳಿವೆ. ಸಾಮಾನ್ಯ ಆಪ್-ಆಂಪ್ ವೋಲ್ಟೇಜ್ ಕೊಡುತ್ತದೆ, ಇದು ಕರೆಂಟ್ ಕೊಡುತ್ತದೆ. ಎರಡು ಇನ್‌ಪುಟ್‌ಗಳ ನಡುವಿನ ವೋಲ್ಟೇಜನ್ನು ಜಿಎಂ ಎಂಬ ಅಂಶದಿಂದ ಗುಣಿಸಿದರೆ ಔಟ್‌ಪುಟ್ ಕರೆಂಟ್. ಆ ಜಿಎಂ ನಮ್ಮ ಕೈಯಲ್ಲಿದೆ: ಬಯಾಸ್ ಪಿನ್ನಿಗೆ ಕೊಟ್ಟ ಕರೆಂಟನ್ನು ಥರ್ಮಲ್ ವೋಲ್ಟೇಜಿನ (ಟ್ರಾನ್ಸಿಸ್ಟರಿನೊಳಗೆ ತಾಪಮಾನದಿಂದಲೇ ನಿರ್ಧಾರವಾಗುವ ವೋಲ್ಟೇಜಿನ) ಎರಡರಷ್ಟರಿಂದ ಭಾಗಿಸಿದರೆ ಬರುವುದೇ ಜಿಎಂ. 27 ಡಿಗ್ರಿಯಲ್ಲಿ ಥರ್ಮಲ್ ವೋಲ್ಟೇಜ್ 25.85 ಮಿಲಿವೋಲ್ಟ್. ಹಾಗಾಗಿ 100 ಮೈಕ್ರೊಆಂಪಿಯರ್ ಬಯಾಸ್‌ಗೆ ಜಿಎಂ ಸುಮಾರು 1.93 ಮಿಲಿಸೀಮೆನ್ಸ್. ಬಯಾಸ್ ಹತ್ತು ಪಟ್ಟಾದರೆ ಜಿಎಂ ಹತ್ತು ಪಟ್ಟು, ಅದರ ಜೊತೆಗೆ ಫ್ರೀಕ್ವೆನ್ಸಿಯೂ ಹತ್ತು ಪಟ್ಟು. ವೀನ್ ಬ್ರಿಜ್ ಎಂಬ ಇನ್ನೊಂದು ಆಸಿಲೇಟರಿನಲ್ಲಿ ಜೋಡಿ ಪಾಟ್ (ತಿರುಗಿಸಿ ಬದಲಿಸುವ ರೆಸಿಸ್ಟರ್) ತಿರುಗಿಸಿ ಮಾಡುವ ಕೆಲಸ ಇಲ್ಲಿ ಒಂದು ತಂತಿಯ ಕರೆಂಟಿನಿಂದ ಆಗುತ್ತದೆ. ವಿಷಯದ ಸೊಗಸೂ ಅದೇ, ತೊಡಕಿನ ಬೇರೂ ಅದೇ.

ತೊಡಕು ಎಲ್ಲಿದೆಯೆಂದರೆ, ಥರ್ಮಲ್ ವೋಲ್ಟೇಜ್ ತಾಪಮಾನದ ಜೊತೆಗೇ ಏರುತ್ತದೆ. ಕೆಲ್ವಿನ್ ಲೆಕ್ಕದಲ್ಲಿ ನೇರ ಅನುಪಾತ. ಬಯಾಸ್ ಕರೆಂಟನ್ನು ಕದಲದಂತೆ ಹಿಡಿದಿಟ್ಟರೂ ಪ್ರತಿ ಡಿಗ್ರಿಗೆ ಜಿಎಂ ಶೇ 0.33ರಷ್ಟು ಇಳಿಯುತ್ತದೆ. 27 ಡಿಗ್ರಿಯಲ್ಲಿ 3.05 ಕಿಲೊಹರ್ಟ್ಸ್ ಕೊಡುವ ಸರ್ಕ್ಯೂಟ್, ಡಿಸೆಂಬರಿನ 15 ಡಿಗ್ರಿಯ ಬೆಳಿಗ್ಗೆ 3.17 ಕೊಡುತ್ತದೆ, ಮೇ ತಿಂಗಳ 43 ಡಿಗ್ರಿಯಲ್ಲಿ 2.89ಕ್ಕೆ ಬಂದು ನಿಲ್ಲುತ್ತದೆ. ಒಟ್ಟು ಶೇ 9ರಷ್ಟು ವ್ಯತ್ಯಾಸ. ಸಂಗೀತದ ಲೆಕ್ಕದಲ್ಲಿ ಒಂದೂವರೆ ಸ್ವರಸ್ಥಾನಕ್ಕೂ ಹೆಚ್ಚು. ಏಸಿ ಇರುವ ಪ್ರಯೋಗಾಲಯದಲ್ಲಿ ಇದು ಕಣ್ಣಿಗೇ ಬೀಳದು. ಫ್ಯಾನಿನ ಕೆಳಗೆ ಕೆಲಸ ಮಾಡುವ ನಮ್ಮ ಪ್ರಯೋಗಾಲಯಗಳಲ್ಲಿ ಇದನ್ನು ಬಿಟ್ಟು ವಿನ್ಯಾಸ ಮಾಡಿದರೆ ಅದು ಅರ್ಧ ವಿನ್ಯಾಸ.

ಮೊದಲು ಸರ್ಕ್ಯೂಟ್ ಹೇಳುತ್ತೇವೆ. ಎರಡು ಇಂಟಿಗ್ರೇಟರ್‌ಗಳ (ಕರೆಂಟನ್ನು ಕೆಪಾಸಿಟರಿನಲ್ಲಿ ಕೂಡಿಸುತ್ತ ಹೋಗುವ ಹಂತಗಳ) ಉಂಗುರ ಸಾಕು. ಸಪ್ಲೈ ಪ್ಲಸ್ 12, ಮೈನಸ್ 12 ವೋಲ್ಟ್. ಪಿನ್ 11 ಪ್ಲಸ್, ಪಿನ್ 6 ಮೈನಸ್, ಎರಡಕ್ಕೂ ಚಿಪ್ಪಿನ ಪಕ್ಕದಲ್ಲೇ 0.1 ಮೈಕ್ರೊಫ್ಯಾರಡ್. ಮೊದಲ ಆಂಪ್ಲಿಫೈಯರಿನ ಔಟ್‌ಪುಟ್ ಪಿನ್ 5ರಿಂದ ಗ್ರೌಂಡಿಗೆ 1 ನ್ಯಾನೊಫ್ಯಾರಡ್, ಅದೇ ಬಿಂದುವಿಗೆ ಟಿಎಲ್072 ಎಂಬ ಜೋಡಿ ಆಪ್-ಆಂಪ್‌ನ ಒಂದು ಬಫರ್ (ವೋಲ್ಟೇಜನ್ನು ಹಾಗೇ ದಾಟಿಸಿ, ಕರೆಂಟನ್ನು ಬಹುತೇಕ ಎಳೆಯದ ಹಂತ). ಬಫರಿನ ಔಟ್‌ಪುಟ್ 22 ಕಿಲೊಓಂ–220 ಓಂ ಭಾಜಕದ (ವೋಲ್ಟೇಜನ್ನು ಪಾಲು ಮಾಡುವ ರೆಸಿಸ್ಟರ್ ಜೋಡಿಯ) ಮೂಲಕ ಎರಡನೆಯ ಆಂಪ್ಲಿಫೈಯರಿನ ಪ್ಲಸ್ ಇನ್‌ಪುಟ್ ಪಿನ್ 14ಕ್ಕೆ. ಪಿನ್ 12ರಿಂದ ಗ್ರೌಂಡಿಗೆ ಇನ್ನೊಂದು 1 ನ್ಯಾನೊಫ್ಯಾರಡ್, ಇನ್ನೊಂದು ಬಫರ್, ಅಲ್ಲಿಂದ ಅಂಥದ್ದೇ ಭಾಜಕದ ಮೂಲಕ ಮೊದಲನೆಯದರ ಮೈನಸ್ ಇನ್‌ಪುಟ್ ಪಿನ್ 4ಕ್ಕೆ. ಉಳಿದ ಇನ್‌ಪುಟ್‌ಗಳಾದ 3 ಮತ್ತು 13ನ್ನು ನೇರ ಗ್ರೌಂಡ್ ಮಾಡಬೇಡಿ. ತಲಾ 220 ಓಂ ಮೂಲಕ ಗ್ರೌಂಡಿಗೆ ಕೊಟ್ಟರೆ ಇನ್‌ಪುಟ್ ಕರೆಂಟಿನಿಂದಾಗುವ ವೋಲ್ಟೇಜ್ ಎರಡೂ ಕಡೆ ಸಮನಾಗುತ್ತದೆ. ಡಯೋಡ್ ಪಿನ್‌ಗಳಾದ 2 ಮತ್ತು 15, ಚಿಪ್ಪಿನದೇ ಬಫರ್ ಪಿನ್‌ಗಳಾದ 7ರಿಂದ 10 ಖಾಲಿ ಬಿಡಿ. ಆ ಒಳಬಫರ್ ಬಳಸಿದರೆ ಸುಮಾರು 1.3 ವೋಲ್ಟ್ ಕೆಳಗಿಳಿದ ಔಟ್‌ಪುಟ್ ಸಿಗುತ್ತದೆ. ಟಿಎಲ್072ಕ್ಕೆ ಆ ಕಾಟವಿಲ್ಲ, ಅದು ಕೆಪಾಸಿಟರಿನಿಂದ ಎಳೆಯುವ ಕರೆಂಟೂ ಪಿಕೊಆಂಪಿಯರ್ ಮಟ್ಟದ್ದು. ಬಫರನ್ನೇ ಬಿಟ್ಟು 22 ಕಿಲೊಓಂ ಅನ್ನು ಕೆಪಾಸಿಟರಿಗೆ ನೇರ ಜೋಡಿಸುವವರಿದ್ದಾರೆ. ಇಂಟಿಗ್ರೇಟರ್ ಸೋರಿ ಅಲೆ ಏಳುವುದೇ ಇಲ್ಲ.

ಫ್ರೀಕ್ವೆನ್ಸಿ ಎಂದರೆ ಜಿಎಂ ಅನ್ನು 101ರಿಂದ ಭಾಗಿಸಿ, ಬಂದದ್ದನ್ನು ಎರಡು ಪೈ ಗುಣಿಸು ಕೆಪಾಸಿಟನ್ಸ್‌ನಿಂದ ಭಾಗಿಸಿದ್ದು. ಪ್ರತಿ ಆಂಪ್ಲಿಫೈಯರಿಗೆ 10 ಮೈಕ್ರೊಆಂಪಿಯರ್ ಕೊಟ್ಟರೆ ಸುಮಾರು 305 ಹರ್ಟ್ಸ್, 100 ಕೊಟ್ಟರೆ 3.05 ಕಿಲೊಹರ್ಟ್ಸ್, 1 ಮಿಲಿಆಂಪಿಯರ್ ಕೊಟ್ಟರೆ 30.5 ಕಿಲೊಹರ್ಟ್ಸ್. ಎರಡು ಆಂಪ್ಲಿಫೈಯರಿನ ಬಯಾಸ್ ತುಸು ಹೆಚ್ಚುಕಡಿಮೆಯಾದರೆ ಚಿಂತೆ ಬೇಡ, ಫ್ರೀಕ್ವೆನ್ಸಿ ಎರಡೂ ಜಿಎಂಗಳ ಗುಣಲಬ್ಧದ ವರ್ಗಮೂಲವನ್ನು ಅವಲಂಬಿಸಿದೆ. ಎರಡು ಔಟ್‌ಪುಟ್‌ಗಳ ಎತ್ತರ ಮಾತ್ರ ಬೇರೆಬೇರೆಯಾಗುತ್ತದೆ. ಆ ಎರಡು ಅಲೆಗಳ ನಡುವೆ ಕೋನದಲ್ಲಿ 90 ಡಿಗ್ರಿ, ಅಂದರೆ ಕಾಲು ಆವರ್ತದ ಅಂತರ ಇರುವುದು ಈ ಸರ್ಕ್ಯೂಟಿನ ಹೆಚ್ಚುವರಿ ಲಾಭ.

ನೂರರಲ್ಲೊಂದು ಪಾಲು ಮಾಡುವ ಆ ಭಾಜಕ ಯಾಕೆ ಎಂದು ಕೇಳದ ವಿದ್ಯಾರ್ಥಿ ಇಲ್ಲ. ಈ ಚಿಪ್ಪಿನ ಇನ್‌ಪುಟ್ ನೇರಗೆರೆಯಲ್ಲಿ ನಡೆಯುವುದು ಕೆಲವೇ ಮಿಲಿವೋಲ್ಟ್‌ವರೆಗೆ. ಶಿಖರ 10 ಮಿಲಿವೋಲ್ಟ್ ಇದ್ದಾಗ ಔಟ್‌ಪುಟ್ ಕರೆಂಟಿನಲ್ಲಿ ಮೂರನೇ ಹಾರ್ಮೋನಿಕ್ (ಮೂರು ಪಟ್ಟು ಫ್ರೀಕ್ವೆನ್ಸಿಯ ಬೇಡದ ಅಲೆ) ಶೇ 0.3ರಷ್ಟು, 20 ಆದರೆ ಶೇ 1.2; 50 ದಾಟಿದರೆ ಅದು ಸೈನ್ ಅಲೆಯೇ ಅಲ್ಲ. ಭಾಜಕವಿದ್ದರೆ ಹೊರಗೆ 1 ವೋಲ್ಟ್ ಅಲೆ ಇದ್ದರೂ ಒಳಗೆ ಹೋಗುವುದು 10 ಮಿಲಿವೋಲ್ಟ್. ಆದರೆ ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಚಿಪ್ಪಿನ ಇನ್‌ಪುಟ್ ಆಫ್‌ಸೆಟ್ (ಏನೂ ಕೊಡದಿದ್ದರೂ ಇನ್‌ಪುಟ್‌ನಲ್ಲಿ ಇರುವಂತೆ ತೋರುವ ತಪ್ಪು ವೋಲ್ಟೇಜ್) ಸಾಮಾನ್ಯವಾಗಿ 0.4 ಮಿಲಿವೋಲ್ಟ್, ಗರಿಷ್ಠ 4. ಅದು ಔಟ್‌ಪುಟ್ ಕಡೆ 101 ಪಟ್ಟಾಗಿ 40ರಿಂದ 400 ಮಿಲಿವೋಲ್ಟ್ ಡಿಸಿಯಾಗಿ ಕಾಣುತ್ತದೆ. ಅಲೆ ಶೂನ್ಯರೇಖೆಯಿಂದ ಮೇಲೆಯೋ ಕೆಳಗೆಯೋ ಕೂತರೆ ಗಾಬರಿಯಾಗಬೇಡಿ. ಎರಡೂ ಸಪ್ಲೈಗಳ ನಡುವೆ 100 ಕಿಲೊಓಂ ಪ್ರಿಸೆಟ್ (ಒಮ್ಮೆ ಹೊಂದಿಸಿ ಬಿಡುವ ಸಣ್ಣ ಪಾಟ್) ಇಟ್ಟು, ಅದರ ನಡುಗಾಲಿನಿಂದ 470 ಕಿಲೊಓಂ ಮೂಲಕ ಪಿನ್ 3ಕ್ಕೆ ಕೊಡಿ. ಹೆಚ್ಚುಕಡಿಮೆ 5 ಮಿಲಿವೋಲ್ಟ್ ಆಚೀಚೆ ಹೊಂದಿಸಲು ಇದು ಸಾಕು. ಎರಡನೆಯ ಆಂಪ್ಲಿಫೈಯರಿಗೆ ಪಿನ್ 13ರಲ್ಲಿ ಹೀಗೇ ಇನ್ನೊಂದು.

ಇನ್ನು ಅಲೆ ಏಳುವ ಮಾತು. ನಿಖರವಾಗಿ ಲೆಕ್ಕಕ್ಕೆ ಕೂಡಿದ ಉಂಗುರ ಅಲೆಯನ್ನು ಬೆಳೆಸುವುದೂ ಇಲ್ಲ, ಕಾಯುವುದೂ ಇಲ್ಲ. ಪಂಚಮಿ ಜೋಕಾಲಿಯ ಹಾಗೆ ಪ್ರತಿ ಸುತ್ತಿಗೂ ಸಣ್ಣ ನೂಕು ಬೇಕು, ಮಿತಿ ಮೀರಿದಾಗ ತಡೆಯುವ ಕೈಯೂ ಬೇಕು. ನೂಕಿಗೆ: ಮೊದಲ ಬಫರಿನ ಔಟ್‌ಪುಟ್‌ನಿಂದ ಪಿನ್ 3ಕ್ಕೆ 1 ಮೆಗಾಓಂ. ಇದು ಶೇ 2.2ರಷ್ಟು ಮರುಪೂರಣ (ಫೀಡ್‌ಬ್ಯಾಕ್). ತಡೆಗೆ: ಅದೇ ಔಟ್‌ಪುಟ್‌ನಿಂದ ಪಿನ್ 4ಕ್ಕೆ 220 ಕಿಲೊಓಂ, ಅದರ ಸರಣಿಯಲ್ಲಿ ಎದುರುಬದುರಾಗಿ ಸಮಾನಾಂತರ ಜೋಡಿಸಿದ ಎರಡು 1ಎನ್4148 ಡಯೋಡ್. ಅಲೆ ಅರ್ಧ ವೋಲ್ಟಿನ ಆಸುಪಾಸು ತಲುಪಿದಾಗ ಡಯೋಡ್ ಬಾಯಿ ತೆರೆಯುತ್ತದೆ, ಶೇ 10ರಷ್ಟು ವಿರುದ್ಧ ಎಳೆತ ಶುರುವಾಗುತ್ತದೆ, ಶಿಖರ ಸುಮಾರು 0.7 ವೋಲ್ಟಿನಲ್ಲಿ ನೆಲೆಗೊಳ್ಳುತ್ತದೆ. ಈ ನೂಕು ಜಿಎಂ ಮೂಲಕವೇ ಹಾದುಹೋಗುವುದರಿಂದ ಫ್ರೀಕ್ವೆನ್ಸಿ ಯಾವುದೇ ಇರಲಿ, ಅದರ ಶೇಕಡಾ ಪ್ರಮಾಣ ಒಂದೇ. ಕೆಪಾಸಿಟರಿಗೆ ಸಮಾನಾಂತರವಾಗಿ ಋಣ ರೆಸಿಸ್ಟನ್ಸ್ ಹಾಕುವ ಸರ್ಕ್ಯೂಟ್‌ಗಳಿಗೆ ಈ ಗುಣವಿಲ್ಲ. 300 ಹರ್ಟ್ಸ್‌ನಲ್ಲಿ ಕಿರುಚಿ, 30 ಕಿಲೊಹರ್ಟ್ಸ್‌ನಲ್ಲಿ ಸಾಯುವುದು ಅವುಗಳ ಚಾಳಿ. 1 ಮೆಗಾಓಂ ಬದಲು 220 ಕಿಲೊಓಂ ಹಾಕಿ ‘ಗಟ್ಟಿಯಾಗಿ ಏಳಲಿ’ ಎನ್ನುವವರು ಚಪ್ಪಟೆ ತಲೆಯ ಅಲೆ ಪಡೆಯುತ್ತಾರೆ. ನೂಕು ಎಷ್ಟು ಕಡಿಮೆಯೋ ಅಲೆ ಅಷ್ಟು ಶುದ್ಧ.

ಮೇಲಿನ ತುದಿಯಲ್ಲಿ ಇನ್ನೊಂದು ಸಂಗತಿ ಕಾಡುತ್ತದೆ. 30 ಕಿಲೊಹರ್ಟ್ಸ್ ಹತ್ತಿರ ಆಂಪ್ಲಿಫೈಯರಿನ 2 ಮೆಗಾಹರ್ಟ್ಸ್ ಮಿತಿ, ಬಫರಿನ 3 ಮೆಗಾಹರ್ಟ್ಸ್ ಮಿತಿ ಎರಡೂ ಕೂಡಿ ಪ್ರತಿ ಇಂಟಿಗ್ರೇಟರಿನಲ್ಲಿ ಸುಮಾರು ಒಂದೂವರೆ ಡಿಗ್ರಿ ಕೋನದ ತಡ ಉಂಟುಮಾಡುತ್ತವೆ. ಕೇಳಲು ಅಲ್ಪ, ಆದರೆ ಎರಡು ಇಂಟಿಗ್ರೇಟರ್ ಸೇರಿದರೆ ಅದು ಶೇ 5ರಷ್ಟು ನೂಕಿಗೆ ಸಮ. ಅಂದರೆ ನಾವೇ ಕೊಟ್ಟದ್ದಕ್ಕಿಂತ ಎರಡು ಪಟ್ಟು ಹೆಚ್ಚು. ಶಿಖರ 0.7ರಿಂದ 2 ವೋಲ್ಟಿನತ್ತ ಏರಿ ವಿರೂಪ ಕಾಣಿಸಿಕೊಳ್ಳುತ್ತದೆ. ಪರಿಹಾರ ಸರಳ: ಪ್ರತಿ 1 ನ್ಯಾನೊಫ್ಯಾರಡ್ ಕೆಪಾಸಿಟರಿನ ಗ್ರೌಂಡ್ ಕಾಲಿಗೆ ಸರಣಿಯಲ್ಲಿ 120 ಓಂ. ಅದು ಅಷ್ಟೇ ಪ್ರಮಾಣದ ಮುಂಗೋನ (ಕೋನದ ಮುನ್ನಡೆ) ಕೊಟ್ಟು ತಡವನ್ನು ತೊಡೆದುಹಾಕುತ್ತದೆ. 100ರಿಂದ 150ರ ನಡುವೆ ಬದಲಿಸಿ ನೋಡಿ. ಕೆಳತುದಿಯಲ್ಲೂ ಮೇಲ್ತುದಿಯಲ್ಲೂ ಅಲೆಯ ಎತ್ತರ ಒಂದೇ ಆಗುವ ಬೆಲೆ ಸಿಗುತ್ತದೆ. ಹೆಚ್ಚು ಹಾಕಿದರೆ ಮೇಲ್ತುದಿಯಲ್ಲಿ ಅಲೆ ನಿಂತೇಹೋಗುತ್ತದೆ.

ಈಗ ಬಿಸಿಲಿನ ಮದ್ದು. ಜಿಎಂ ಎಂದರೆ ಬಯಾಸ್ ಕರೆಂಟ್ ಭಾಗಿಸು ತಾಪಮಾನ ಎಂದಾದರೆ, ಬಯಾಸ್ ಕರೆಂಟೇ ತಾಪಮಾನದಷ್ಟೇ ಏರಲಿ, ಎರಡೂ ಕಳೆದುಹೋಗುತ್ತವೆ. ಇದಕ್ಕೆಂದೇ ಹೇಳಿ ಮಾಡಿಸಿದಂತಿರುವ ಬಿಡಿಭಾಗ ಎಲ್‌ಎಂ335. ತಾಪಮಾನ ಅಳೆಯುವ ಸೆನ್ಸರ್ ಎಂದೇ ಎಲ್ಲರೂ ಕೊಳ್ಳುತ್ತಾರೆ. ಪ್ರತಿ ಕೆಲ್ವಿನ್‌ಗೆ 10 ಮಿಲಿವೋಲ್ಟ್, ಅಂದರೆ 25 ಡಿಗ್ರಿಯಲ್ಲಿ 2.98 ವೋಲ್ಟ್, 43 ಡಿಗ್ರಿಯಲ್ಲಿ 3.16. ಅದನ್ನೇ ಟ್ಯೂನಿಂಗ್ ಪಾಟಿನ ರೆಫರೆನ್ಸ್ ಮಾಡಿಕೊಳ್ಳಿ. ಪ್ಲಸ್ 12ರಿಂದ 6.8 ಕಿಲೊಓಂ ಮೂಲಕ ಎಲ್‌ಎಂ335ಕ್ಕೆ ಕರೆಂಟ್. ಅದರ ಅಡ್ಡ 10 ಕಿಲೊಓಂನ ಹತ್ತು ಸುತ್ತಿನ ಪಾಟ್. ನಡುಗಾಲಿನ ವೋಲ್ಟೇಜಿಗೆ ಓಪಿ07 ಎಂಬ ಆಪ್-ಆಂಪ್‌ನ ಒಂದು ಬಫರ್. ಅಲ್ಲಿಂದ 1.5 ಕಿಲೊಓಂ ಮೂಲಕ ಎರಡನೆಯ ಓಪಿ07ರ ಮೈನಸ್ ಇನ್‌ಪುಟ್‌ಗೆ. ಪ್ಲಸ್ ಇನ್‌ಪುಟ್ ಗ್ರೌಂಡಿಗೆ. ಅದೇ ಮೈನಸ್ ಬಿಂದುವಿಗೆ ಬಿಸಿ557 ಟ್ರಾನ್ಸಿಸ್ಟರಿನ ಎಮಿಟರ್, ಆಪ್-ಆಂಪ್ ಔಟ್‌ಪುಟ್‌ನಿಂದ 1 ಕಿಲೊಓಂ ಮೂಲಕ ಬೇಸ್. ಕಲೆಕ್ಟರಿನಿಂದ ತಲಾ 4.7 ಕಿಲೊಓಂ ಮೂಲಕ ಪಿನ್ 1 ಮತ್ತು ಪಿನ್ 16ಕ್ಕೆ. ಈ ಎರಡು 4.7 ಕಿಲೊಓಂ ಇಲ್ಲದಿದ್ದರೆ ಕರೆಂಟ್ ಎರಡು ಪಿನ್‌ಗಳಿಗೆ ಸಮವಾಗಿ ಹಂಚಿಹೋಗುವುದಿಲ್ಲ. ಪಾಟ್ ತುದಿಗಿದ್ದಾಗ ಒಟ್ಟು 2 ಮಿಲಿಆಂಪಿಯರ್, ಪ್ರತಿ ಪಿನ್ನಿಗೆ 1. ಎಲ್‌ಎಂ335 ಅನ್ನು ಎಲ್‌ಎಂ13700ರ ಬೆನ್ನಿಗೆ ತಾಗಿಸಿ ಥರ್ಮಲ್ ಪೇಸ್ಟ್ ಹಚ್ಚಿ ಕಟ್ಟಿ. ಬೋರ್ಡಿನ ಆಚೆ ಮೂಲೆಯಲ್ಲಿಟ್ಟರೆ ಅದು ಅಳೆಯುವುದು ಗಾಳಿಯ ಬಿಸಿ, ಚಿಪ್ಪಿನದಲ್ಲ.

ಇಲ್ಲಿ ಓಪಿ07 ಯಾಕೆ, ಟಿಎಲ್072 ಯಾಕಲ್ಲ? 300 ಹರ್ಟ್ಸ್‌ನಲ್ಲಿ ನಿಯಂತ್ರಣ ವೋಲ್ಟೇಜ್ ಬರೇ 30 ಮಿಲಿವೋಲ್ಟ್. ಟಿಎಲ್072ರ ಆಫ್‌ಸೆಟ್ 3 ಮಿಲಿವೋಲ್ಟ್ ಇರುವುದು ಮಾಮೂಲು. ಅಲ್ಲಿಗೇ ಶೇ 10 ತಪ್ಪು. ಓಪಿ07ರ ಆಫ್‌ಸೆಟ್ ಅದಕ್ಕಿಂತ ಬಹಳ ಕಡಿಮೆ. ಮೈಕ್ರೊಕಂಟ್ರೋಲರಿನಿಂದ ಟ್ಯೂನ್ ಮಾಡುವವರು ಪಾಟ್ ತೆಗೆದು ಎಂಸಿಪಿ4921ರಂಥ, ಹೊರಗಿನಿಂದ ರೆಫರೆನ್ಸ್ ಕೊಡಬಹುದಾದ ಡಿಎಸಿ (ಅಂಕಿಯನ್ನು ವೋಲ್ಟೇಜಾಗಿ ಬದಲಿಸುವ ಚಿಪ್) ಹಾಕಿ, ಎಲ್‌ಎಂ335ರ ವೋಲ್ಟೇಜನ್ನು ಅದರ ರೆಫರೆನ್ಸ್ ಪಿನ್ನಿಗೆ ಕೊಡಲಿ. ಪ್ರೋಗ್ರಾಮಿನಲ್ಲಿ ತಾಪಮಾನದ ಕೋಷ್ಟಕ ಬರೆಯುವ ಗೋಜೇ ಇಲ್ಲ. ಎಲ್‌ಎಂ13700ರಲ್ಲೇ ಇರುವ ಲೀನಿಯರೈಸಿಂಗ್ ಡಯೋಡ್‌ಗಳಿಂದಲೂ ತಾಪಮಾನದ ಪರಿಣಾಮವನ್ನು ಅಳಿಸಬಹುದು. ಅದೂ ಒಳ್ಳೆಯ ದಾರಿಯೇ, ಆದರೆ ಡಯೋಡ್ ಕರೆಂಟನ್ನು ಪ್ರತ್ಯೇಕವಾಗಿ ಸ್ಥಿರವಾಗಿಡಬೇಕು. ಮೊದಲ ಬಾರಿಗೆ ಕಟ್ಟುವವರಿಗೆ ಎಲ್‌ಎಂ335ರ ದಾರಿಯೇ ಸಲೀಸು ಎಂಬುದು ನಮ್ಮ ಅಭಿಪ್ರಾಯ. ಇದರಿಂದ ಸ್ಥಿರವಾಗುವುದು ಫ್ರೀಕ್ವೆನ್ಸಿ ಮಾತ್ರ ಎಂಬುದು ನೆನಪಿರಲಿ. ಮಿತಿ ಹಾಕುವ 1ಎನ್4148 ಡಯೋಡಿನ ವೋಲ್ಟೇಜ್ ಡಿಗ್ರಿಗೆ 2 ಮಿಲಿವೋಲ್ಟ್ ಇಳಿಯುವುದರಿಂದ ಅಲೆಯ ಎತ್ತರ ಡಿಗ್ರಿಗೆ 3 ಮಿಲಿವೋಲ್ಟಿನಷ್ಟು ಕುಗ್ಗುತ್ತದೆ.

ಪಿನ್ 1 ಮತ್ತು 16ರ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು. ಈ ಪಿನ್‌ಗಳು ಮೈನಸ್ ಸಪ್ಲೈಗಿಂತ ಎರಡು ಡಯೋಡ್‌ನಷ್ಟು, ಅಂದರೆ 1.2ರಿಂದ 1.4 ವೋಲ್ಟ್ ಮೇಲಿರುತ್ತವೆ. ಒಳಗೆ ಕರೆಂಟಿಗೆ ಯಾವ ತಡೆಯೂ ಇಲ್ಲ, ಗರಿಷ್ಠ ಮಿತಿ 2 ಮಿಲಿಆಂಪಿಯರ್. ರೆಸಿಸ್ಟರ್ ಇಲ್ಲದೆ ಗ್ರೌಂಡಿಗೆ ಮುಟ್ಟಿಸಿದರೂ ಚಿಪ್ ಸುಟ್ಟಿತೆಂದೇ ಲೆಕ್ಕ, ಗ್ರೌಂಡ್ ಎಂದರೆ ಮೈನಸ್ ಸಪ್ಲೈಗಿಂತ 12 ವೋಲ್ಟ್ ಮೇಲೆ. ಬ್ರೆಡ್‌ಬೋರ್ಡಿನಲ್ಲಿ ಚಿಪ್ ಸಾಯುವ ಅತಿ ಸಾಮಾನ್ಯ ಕಾರಣ ಇದು.

ಇನ್ನು ಖರೀದಿ. ನಮ್ಮ ಕಡೆಯವರು ಹೈದರಾಬಾದಿನ ಕೋಠಿಯಿಂದಲೋ ಬೆಂಗಳೂರಿನ ಎಸ್‌ಪಿ ರಸ್ತೆಯಿಂದಲೋ ತರಿಸುತ್ತಾರೆ. ಹಳೆಯ ಪುಸ್ತಕ ನೋಡಿ ಇದೇ ಬಗೆಯ ಸಿಎ3080 ಚಿಪ್ ಕೇಳಬೇಡಿ. ಅದರ ತಯಾರಿಕೆ ನಿಂತು ಬಹಳ ವರ್ಷಗಳಾದವು, ಹೊಸದರಂತೆ ಕಾಣುವುದರಲ್ಲಿ ಹೆಸರು ಅಳಿಸಿ ಮುದ್ರಿಸಿದ್ದೇ ಹೆಚ್ಚು. ಎಲ್‌ಎಂ13700 ತಂದರೂ ಕಟ್ಟುವ ಮೊದಲು ಪರೀಕ್ಷಿಸಿ. ಸಪ್ಲೈ ಕೊಟ್ಟು, ಪ್ಲಸ್ 12ರಿಂದ ಪಿನ್ 1ಕ್ಕೆ 220 ಕಿಲೊಓಂ, ಪಿನ್ 5ರಿಂದ ಗ್ರೌಂಡಿಗೆ 10 ಕಿಲೊಓಂ, ಪಿನ್ 4 ಗ್ರೌಂಡಿಗೆ. ಒಂದೂವರೆ ವೋಲ್ಟಿನ ಸೆಲ್ಲಿಗೆ 15 ಕಿಲೊಓಂ–100 ಓಂ ಭಾಜಕ ಹಾಕಿದರೆ 10 ಮಿಲಿವೋಲ್ಟ್ ಸಿಗುತ್ತದೆ, ಅದನ್ನು ಪಿನ್ 3ಕ್ಕೆ ಕೊಡಿ. ಸೆಲ್ಲನ್ನು ತಿರುಗಿಸಿ ಹಾಕಿದಾಗ ಪಿನ್ 5ರಲ್ಲಿ ಒಟ್ಟು ಬದಲಾವಣೆ 0.4 ವೋಲ್ಟಿನ ಆಸುಪಾಸು ಇರಬೇಕು. ಇನ್ನೊಂದು 220 ಕಿಲೊಓಂ ಸಮಾನಾಂತರವಾಗಿ ಸೇರಿಸಿದರೆ ಅದು ದುಪ್ಪಟ್ಟಾಗಬೇಕು. ದುಪ್ಪಟ್ಟಾಗದಿದ್ದರೆ ಒಳಗಿರುವುದು ಬೇರೆ ಚಿಪ್. ಅಸಲಿಯಲ್ಲೂ ಒಂದಕ್ಕೊಂದು ವ್ಯತ್ಯಾಸ ಇದ್ದೇ ಇರುತ್ತದೆ: 500 ಮೈಕ್ರೊಆಂಪಿಯರಿನಲ್ಲಿ ಜಿಎಂ 6,700ರಿಂದ 13,000 ಮೈಕ್ರೊಸೀಮೆನ್ಸ್‌ವರೆಗೆ ಎಲ್ಲಾದರೂ ಇರಬಹುದು ಎಂದು ತಯಾರಕರೇ ಹೇಳುತ್ತಾರೆ. ಹಾಗಾಗಿ ಪ್ರತಿ ಬೋರ್ಡನ್ನೂ ಒಮ್ಮೆ ಅಳೆದು, 1.5 ಕಿಲೊಓಂ ಬದಲು 1 ಕಿಲೊಓಂ ಜೊತೆ 1 ಕಿಲೊಓಂ ಪ್ರಿಸೆಟ್ ಇಟ್ಟು ಹೊಂದಿಸಿಕೊಳ್ಳಿ. ಕೆಪಾಸಿಟರ್ ಬಿಸಿಗೆ ಹೆಚ್ಚು ಬದಲಾಗದ ಸಿ0ಜಿ ಅಥವಾ ಪಾಲಿಪ್ರೊಪಿಲೀನ್ ಬಗೆಯದಿರಲಿ. ವೈ5ವಿ ಸೆರಾಮಿಕ್ ಹಾಕಿದರೆ ಎಲ್‌ಎಂ335 ಮಾಡಿದ ಉಪಕಾರವೆಲ್ಲ ನೀರುಪಾಲು; ಬಿಸಿಯಾದಂತೆ ಅದರ ಕೆಪಾಸಿಟನ್ಸ್ ಜಿಎಂಗಿಂತ ಎಷ್ಟೋ ಪಾಲು ಹೆಚ್ಚು ಕುಸಿಯುತ್ತದೆ.

ಸಿಮ್ಯುಲೇಶನ್ ಬೇಡವೆಂದು ನಾವು ಹೇಳುತ್ತಿಲ್ಲ. ಎಲ್‌ಟಿಸ್ಪೈಸ್ ಎಂಬ ಸಿಮ್ಯುಲೇಟರಿನಲ್ಲಿ ತಾಪಮಾನ ಹೇಳದಿದ್ದರೆ ಅದು 27 ಡಿಗ್ರಿ ಎಂದು ತಾನೇ ಹಿಡಿಯುತ್ತದೆ. ‘ಸ್ಟೆಪ್ ಟೆಂಪ್’ ಆದೇಶ ಕೊಟ್ಟು 15ರಿಂದ 45ರವರೆಗೆ ಹತ್ತು ಹತ್ತು ಡಿಗ್ರಿಗೆ ಓಡಿಸಿ. ಆದರೆ ಆಂಪ್ಲಿಫೈಯರಿನ ಜಾಗದಲ್ಲಿ ಬರೀ ಜಿಎಂ ಎಂಬ ಆದರ್ಶ ಮೂಲ ಇಟ್ಟಿದ್ದರೆ ಯಾವ ತಾಪಮಾನಕ್ಕೂ ಒಂದೇ ಉತ್ತರ ಬರುತ್ತದೆ. ಟ್ರಾನ್ಸಿಸ್ಟರ್ ಮಟ್ಟದ ಮಾದರಿಯೇ ಬೇಕು. ಕಂಪ್ಯೂಟರಿನಲ್ಲಿ ನಾಯ್ಸ್ ಇಲ್ಲದ ಕಾರಣ ಅಲೆ ತಾನಾಗಿ ಏಳದಿರಬಹುದು, ಕೆಪಾಸಿಟರಿಗೆ 10 ಮಿಲಿವೋಲ್ಟ್ ಆರಂಭಿಕ ಬೆಲೆ ಕೊಡಿ. ಗರಿಷ್ಠ ಕಾಲಹೆಜ್ಜೆಯನ್ನು ಒಂದು ಆವರ್ತದ ನೂರನೇ ಒಂದು ಭಾಗಕ್ಕಿಂತ ಕಡಿಮೆ ಇಡಿ. ಇಲ್ಲದಿದ್ದರೆ ಗಣಿತದ ತಪ್ಪೇ ಅಲೆಯನ್ನು ಕುಗ್ಗಿಸಿ, ಸರ್ಕ್ಯೂಟಿನ ದೋಷದಂತೆ ಕಾಣಿಸುತ್ತದೆ.

ಮಾರ್ಗದರ್ಶಕರಿಗೆ ಒಂದು ನೇರ ಮಾತು. ಇಂಥ ಆಸಿಲೇಟರಿಗೆ ಬಳಸುವ ಇನ್ನೊಂದು ಬ್ಲಾಕ್, ಒಂದು ತುದಿಯ ಕರೆಂಟನ್ನು ಇನ್ನೊಂದಕ್ಕೆ ದಾಟಿಸುವ ಕರೆಂಟ್ ಕನ್ವೇಯರ್, 1968ರಲ್ಲೇ ಸ್ಮಿತ್ ಮತ್ತು ಸೆಡ್ರಾ ಕೊಟ್ಟ ಕಲ್ಪನೆ. ಅಲ್ಲಿಂದ ಇಲ್ಲಿಯವರೆಗೆ ಸಂಶೋಧನಾ ಪ್ರಬಂಧಗಳಲ್ಲಿ ಹತ್ತಾರು ಹೊಸ ಬ್ಲಾಕ್‌ಗಳ ಹೆಸರು ಬಂದಿವೆ. ಕರೆಂಟಿನಿಂದ ನಿಯಂತ್ರಿಸುವ ಕನ್ವೇಯರ್ ಸೊಗಸಾದ ಸಾಧನ, ಅದರ ಒಳ ರೆಸಿಸ್ಟನ್ಸ್ ಬಯಾಸ್‌ನಿಂದ ಬದಲಾಗುತ್ತದೆ. ಆದರೆ ಅಲ್ಲೂ ಅದೇ ಥರ್ಮಲ್ ವೋಲ್ಟೇಜ್ ಕೂತಿದೆ, ಅದೇ ಶೇ 0.33ರ ಜಾರಾಟ. ಮೇಲಾಗಿ ಇಂಥ ಬ್ಲಾಕ್‌ಗಳಲ್ಲಿ ಹೆಚ್ಚಿನವು ಅಂಗಡಿಯಲ್ಲಿ ಸಿಗುವುದಿಲ್ಲ. ಸಿಗುವ ಎಡಿ844 ಅತಿ ವೇಗದ ಒಳ್ಳೆಯ ಚಿಪ್, ಆದರೆ ಅದರ ಸುಮಾರು 50 ಓಂ ಇನ್‌ಪುಟ್ ರೆಸಿಸ್ಟನ್ಸನ್ನು ಬದಲಿಸಲು ಯಾವ ಪಿನ್ನೂ ಇಲ್ಲ. ಟ್ಯೂನಿಂಗ್‌ಗೆ ಹೊರಗಿನ ರೆಸಿಸ್ಟರ್ ಬದಲಿಸಬೇಕು. ಪದವಿ ವಿದ್ಯಾರ್ಥಿಗೆ ಇಂಥ ಬ್ಲಾಕ್ ಕೊಟ್ಟು, ಸಿಮ್ಯುಲೇಟರಿನ ಚಿತ್ರವನ್ನೇ ಹಾರ್ಡ್‌ವೇರ್ ಫಲಿತಾಂಶದ ಜಾಗದಲ್ಲಿ ಅಂಟಿಸಲು ಬಿಡುವುದು ಆ ವಿದ್ಯಾರ್ಥಿಗೆ ಮಾಡುವ ಅನ್ಯಾಯ. ಒಂದು ಎಲ್‌ಎಂ13700, ಒಂದು ಟಿಎಲ್072, ಎರಡು ಓಪಿ07, ಒಂದು ಎಲ್‌ಎಂ335, ಒಂದು ಬಿಸಿ557, ಎರಡು ಡಯೋಡ್ ಇಟ್ಟುಕೊಂಡು ಕಟ್ಟಿ ಅಳೆದವನಿಗೆ ಜಿಎಂ ಎಂದರೇನೆಂದು ಯಾರೂ ಮತ್ತೆ ಹೇಳಿಕೊಡಬೇಕಾಗಿಲ್ಲ.

ನಮ್ಮ ಕೋರಿಕೆ ಇಷ್ಟೇ: ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಕಾಲೇಜುಗಳಲ್ಲಿ ಇಂಥ ಪ್ರಾಜೆಕ್ಟ್ ಒಪ್ಪುವ ಮೊದಲು ಮೂರು ತಾಪಮಾನಗಳ ಕೋಷ್ಟಕವನ್ನು ಕಡ್ಡಾಯ ಮಾಡಿ. ಅದಕ್ಕೆ ವಿಶೇಷ ಚೇಂಬರ್ ಬೇಡ. ಥರ್ಮೊಕೋಲ್ ಪೆಟ್ಟಿಗೆ, ಒಳಗೆ 40 ವ್ಯಾಟಿನ ಬಲ್ಬು, ಒಂದು ಥರ್ಮಾಮೀಟರ್ ಸಾಕು. ಬಲ್ಬಿನ ಶಾಖ ಚಿಪ್ಪಿಗೂ ಪೆಟ್ಟಿಗೆಯ ಗೋಡೆಗೂ ನೇರ ತಾಗದಂತೆ ನಡುವೆ ಅಲ್ಯೂಮಿನಿಯಂ ತಗಡು ನಿಲ್ಲಿಸಿ, ಪ್ರತಿ ಅಳತೆಗೂ ಮೊದಲು 20 ನಿಮಿಷ ಕಾಯಿರಿ. ಮೊದಲು ಪಾಟಿಗೆ ಸ್ಥಿರ ವೋಲ್ಟೇಜ್ ಕೊಟ್ಟು 25, 35, 45 ಡಿಗ್ರಿಯಲ್ಲಿ ಫ್ರೀಕ್ವೆನ್ಸಿ ಬರೆದುಕೊಳ್ಳಿ, ಬಳಿಕ ಎಲ್‌ಎಂ335 ಜೋಡಿಸಿ ಅದೇ ಮೂರು ಅಳತೆ ತೆಗೆಯಿರಿ. ಮೊದಲ ಸಾಲಿನಲ್ಲಿ ಶೇ 6ಕ್ಕೂ ಹೆಚ್ಚು ಇಳಿತ ಕಾಣಬೇಕು. ಎರಡನೆಯ ಸಾಲಿನಲ್ಲೂ ಇಳಿತ ಶೇ 1 ಮೀರಿದರೆ ಕೆಪಾಸಿಟರನ್ನೂ ಎಲ್‌ಎಂ335 ತಾಗಿಸಿದ ರೀತಿಯನ್ನೂ ಮೊದಲು ಅನುಮಾನಿಸಿ.

— ಎಲೆಕ್ಟ್ರಾನಿಕ್ಸ್ ಪ್ರಯೋಗಾಲಯದ ಇಬ್ಬರು ಬೋಧಕರು, ಕಲಬುರಗಿ